ಸಾಹುಕಾರನ ಅರ್ಧ ನಮಸ್ಕಾರ

ಇದೊಂದು ದೃಷ್ಟಾಂತ ಹೇಳಿ ಮುಗಿಸಿಬಿಡುತ್ತೇನೆ. ನೀವೂ ದಣಿದಿದ್ದೀರಿ, ನನಗೂ ಗಂಟಲು ಕಟ್ಟಿದೆ. ಈ ಮೈಕಿನ ಮುಂದೆ ಕೂತು ದಯೆ, ಧರ್ಮ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೋ! ನೀವು ತಲೆಯಾಡಿಸುತ್ತೀರಿ. ಪ್ರಸಾದ ತೆಗೆದುಕೊಳ್ಳುತ್ತೀರಿ. ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಎಲ್ಲ ಮರೆತಿರುತ್ತೀರಿ. ಇರಲಿ, ಕೇಳಿ.

ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಿನ ಪೇಟೆಯಲ್ಲಿ ಒಬ್ಬ ಸಾಹುಕಾರ. ದೊಡ್ಡ ಬಟ್ಟೆ ಅಂಗಡಿ, ಎರಡಂತಸ್ತಿನ ಮನೆ, ಮನೆ ಮುಂದೆ ಕಾರು. ಆದರೆ ಆತ ಓಡಾಡುವುದು ಮಾತ್ರ ಸೈಕಲ್ ಮೇಲೆ. "ಎಂಥಾ ಸಾದಾ ಮನಷ್ಯಾ ನೋಡ್ರೀ" ಎಂದು ಜನ ಹೊಗಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಆತನಿಗೆ ಒಳಗೊಳಗೇ ಹಿತ. ಯಾರಿಗೆ ಹಿತವಾಗುವುದಿಲ್ಲ ಹೇಳಿ?

ಹೀಗಿರುವಾಗ ಪೇಟೆಯ ರಸ್ತೆ ಅಗಲ ಮಾಡಿದರು. ನಡುವೆ ಡಿವೈಡರ್ ಕಟ್ಟಿದರು. ಅಂಗಡಿಯಿಂದ ಹೊರಬಿದ್ದು ಬಲಕ್ಕೆ ಹೊರಳಿದರೆ ಸಾಹುಕಾರನ ಮನೆ ಕೂಗಳತೆ ದೂರ. ಆದರೆ ಅದು ಎದುರಿನಿಂದ ಬರುವವರ ದಾರಿ. ನ್ಯಾಯವಾಗಿ ಹೋಗಬೇಕೆಂದರೆ ಎಡಕ್ಕೆ ಹೋಗಬೇಕು, ಸರ್ಕಲ್ ಸುತ್ತಬೇಕು, ಡಿವೈಡರಿನ ಆಚೆ ಬದಿಯಿಂದ ವಾಪಸು ಬರಬೇಕು, ಮುಂದೆ ಮತ್ತೊಮ್ಮೆ ಹೊರಳಬೇಕು. ಇಡೀ ದಿನ ನಿಂತು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಟ್ಟು ಬಂದ ಮನುಷ್ಯ. ಮೊಣಕಾಲು ನೋಯುತ್ತವೆ. ಕಣ್ಣೆದುರಿಗೆ ಮನೆ ಕಾಣುತ್ತದೆ. ಎಡಕ್ಕೆ ಹೋಗುತ್ತಾನೆಯೇ?

ಮೊದಲ ದಿನ ಅಂಜುತ್ತಲೇ ಬಲಕ್ಕೆ ಹೊರಳಿದ. ಎದುರಿನಿಂದ ಬಂದ ಬೈಕಿನವನು ಗಕ್ಕನೆ ಬ್ರೇಕು ಹಾಕಿ ಬೈಯಲು ಬಾಯಿ ತೆರೆದ. ಸಾಹುಕಾರನಿಗೆ ಏನು ಮಾಡಬೇಕೋ ತೋಚಲಿಲ್ಲ. ಹ್ಯಾಂಡಲಿನಿಂದ ಬಲಗೈ ತೆಗೆದು ಹಣೆಗೆ ಮುಟ್ಟಿಸಿ, "ತಪ್ಪಾತಪಾ, ತಪ್ಪಾತು" ಎಂದ.

ಬೈಕಿನವನು ಗುರುತು ಹಿಡಿದ. ಅವನ ಮುಖ ಸಡಿಲಾಯಿತು. "ಅಯ್ಯ, ಸಾವ್ಕಾರ್ರ! ಇರ್ಲಿ ಬಿಡ್ರಿ, ನೀವು ಹೋಗ್ರಿ" ಎಂದು ತಾನೇ ಪಕ್ಕಕ್ಕೆ ಸರಿದ.

ನೋಡಿ, ಅಲ್ಲಿ ಕಲಿತ ಆತ. ಒಂದು ಕೈ ಎತ್ತಿದರೆ ದಾರಿ ಬಿಡುತ್ತಾರೆ! ಮರುದಿನದಿಂದ ಅದೇ ರೂಢಿಯಾಯಿತು. ಎದುರು ರಿಕ್ಷಾ ಬಂತು, ಕೈ ಎತ್ತಿದ. ಟಂಟಂ ಬಂತು, ಕೈ ಎತ್ತಿದ. ಒಂದು ಕೈ ಹಣೆಗೆ, ಒಂದು ಕೈ ಹ್ಯಾಂಡಲಿಗೆ, ಬಾಯಲ್ಲಿ "ತಪ್ಪಾತು", ಕಾಲು ಮಾತ್ರ ಪೆಡಲ್ ತುಳಿಯುತ್ತಲೇ ಇವೆ. ತಪ್ಪಾಯಿತು ಎನ್ನುವ ಬಾಯಿಗೂ ತುಳಿಯುವ ಕಾಲಿಗೂ ಸಂಬಂಧವೇ ಇಲ್ಲ.

ಸರ್ಕಲ್ಲಿನಲ್ಲಿ ನಿಲ್ಲುವ ಪೊಲೀಸಿನವನು ಒಮ್ಮೆ ಅಂಗಡಿಯ ಮುಂದೆಯೇ ತಡೆದ. "ಸಾವ್ಕಾರ್ರ, ಸೈಕಲ್ ಅಂದ್ರ ಗಾಡಿ ಅಲ್ಲೇನ್ರಿ? ಎಡಕ್ಕ ಹೋಗ್ರಿ. ಇಲ್ಲಾಂದ್ರ ಇಳಿದು, ದಂಡೀಗುಂಟ ತಳ್ಳಿಕೊಂಡು ನಡೀರಿ."

"ಇವತ್ತೊಂದಿನ ಬಿಡಪಾ. ಭಾಳ ದಣಿದೀನಿ" ಎಂದ ಸಾಹುಕಾರ.

ಬಿಟ್ಟ. ಅವನೂ ಬಿಸಿಲಲ್ಲಿ ನಿಂತು ದಣಿದವನೇ ಅಲ್ಲವೇ? ಒಬ್ಬರ ದಣಿವು ಇನ್ನೊಬ್ಬರ ದಣಿವನ್ನು ಮನ್ನಿಸಿತು. ಊರು ಕೆಡುವುದು ಹೀಗೇ. ಯಾರೋ ಕೆಟ್ಟವರು ಬಂದು ಕೆಡಿಸುವುದಿಲ್ಲ. ದಣಿದ ಒಳ್ಳೆಯವರು ಸಾಕು.

ಅದೇ ಊರಿನಲ್ಲಿ ರೊಟ್ಟಿ ಬಡಿದು ಬದುಕುವ ಒಬ್ಬ ಹೆಣ್ಣುಮಗಳು. ಸಂಜೆ ಬಿಸಿ ಜೋಳದ ರೊಟ್ಟಿ ಬುಟ್ಟಿಗೆ ಹಾಕಿ, ಅರಿವೆ ಮುಚ್ಚಿ, ಖಾನಾವಳಿಗೆ ಮುಟ್ಟಿಸಬೇಕು. ನಡೆದು ನಡೆದು ಸಾಕಾಗಿ, ನಡುವಯಸ್ಸಿನಲ್ಲಿ ಸೈಕಲ್ ಕಲಿತಳು. ಮಗಳೇ ಹಿಂದೆ ಹಿಡಿದುಕೊಂಡು ಶಾಲೆಯ ಬಯಲಿನಲ್ಲಿ ಓಡಿ ಓಡಿ ಕಲಿಸಿದಳು. "ಎವ್ವಾ, ಎಡಕ್ಕ ಇರು. ಎಡಗಡೆ ಇದ್ರ ಯಾರೂ ಎದುರ ಬರಂಗಿಲ್ಲ" ಎಂದು ಹೇಳಿಕೊಟ್ಟಳು. ಆ ತಾಯಿ ನಂಬಿದಳು. ರಸ್ತೆಯ ಎಡ ಅಂಚು ಹಿಡಿದು, ತನ್ನ ಪಾಡಿಗೆ ಹೋಗುತ್ತಿದ್ದಳು.

ಒಂದು ಸಂಜೆ ಸಾಹುಕಾರ ಎದುರಾದ.

ಆತ ಎಂದಿನಂತೆ ಬಲಗೈ ಎತ್ತಿ ಹಣೆಗೆ ಮುಟ್ಟಿಸಿದ. ಎಂದಿನಂತೆ ದಾರಿ ಬಿಡುತ್ತಾರೆ ಎಂದುಕೊಂಡ. ಆದರೆ ಆಕೆ ಎಲ್ಲಿಗೆ ಸರಿಯಬೇಕು? ಎಡಕ್ಕೆ ಗಟಾರ, ಬಲಕ್ಕೆ ಲಾರಿ. ಹೊಸದಾಗಿ ಕಲಿತವಳು, ಹಾಗೇ ಗಟ್ಟಿಯಾಗಿ ಹ್ಯಾಂಡಲ್ ಹಿಡಿದುಕೊಂಡು ಬ್ರೇಕು ಒತ್ತಿದಳು. ಸಾಹುಕಾರನೂ ಒತ್ತಿದ. ಆದರೆ ಒತ್ತಲು ಇದ್ದದ್ದು ಒಂದೇ ಕೈ. ಹಣೆಯಿಂದ ಇನ್ನೊಂದು ಕೈ ಇಳಿಯುವಷ್ಟರಲ್ಲಿ ಹ್ಯಾಂಡಲ್ ಹೊರಳಿತು, ಗಾಲಿ ಆಕೆಯ ಗಾಲಿಗೆ ಬಡಿಯಿತು. ಆಕೆ ಗಟಾರದ ಕಲ್ಲಿನ ಮೇಲೆ ಬಿದ್ದಳು, ಅಂಗೈ ಊರಿಕೊಂಡು. ರೊಟ್ಟಿಯೆಲ್ಲ ಕೆಸರಿಗೆ ಬಿತ್ತು. ಮಣಿಕಟ್ಟು ಮುರಿಯಿತು.

ಬಿದ್ದಲ್ಲಿಂದಲೇ ಆಕೆ ಕೇಳಿದ್ದು ಒಂದೇ ಮಾತು. ಸುತ್ತ ನೆರೆದವರನ್ನೆಲ್ಲ ಕೇಳಿದಳು: "ನಾ ನನ್ನ ದಾರ್ಯಾಗ ಇದ್ನಿಲ್ರೀ? ಎಡಕ್ಕೇ ಇದ್ನಿಲ್ರೀ?"

ನೆರೆದವರು ಮೊದಲು ಸಾಹುಕಾರನ ಸೈಕಲ್ ಎತ್ತಿ ನಿಲ್ಲಿಸಿದರು. ಸಾಹುಕಾರ ದೊಡ್ಡವನು ನೋಡಿ!

ಆ ರಾತ್ರಿ ಆತ ಊಟದ ತಟ್ಟೆ ಸರಿಸಿ ತನ್ನಷ್ಟಕ್ಕೇ ಕೇಳಿಕೊಂಡ: ನಾನೇನು ಜೋರಾಗಿ ಹೋಗಿದ್ದೆನೇ? ಯಾರಿಗಾದರೂ ಎದುರು ಮಾತಾಡಿದ್ದೆನೇ? ದಿನಾ ತಗ್ಗಿ ಬಗ್ಗಿಯೇ ಹೋಗುತ್ತಿದ್ದೆನಲ್ಲ? ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಲು ನೋಡಿದ. ಆಗಲಿಲ್ಲ. ಬೆಳಿಗ್ಗೆ ದವಾಖಾನೆಗೆ ಹೋದ. ಖರ್ಚು ಕೊಟ್ಟನೇ ಎಂದು ನೀವು ಕೇಳುತ್ತೀರಿ, ಗೊತ್ತು. ಕೊಟ್ಟ. ಅದು ಕಥೆಯಲ್ಲ.

ಆಕೆ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಸಾಹುಕಾರ ಎರಡೂ ಕೈ ಜೋಡಿಸಿ ಮುಗಿದ. "ತಪ್ಪಾತವ್ವಾ" ಎಂದ.

ಆಕೆ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಲಿಕ್ಕೂ ಶಕ್ತಿ ಬೇಕಲ್ಲ! ಮೆಲ್ಲಗೆ ಅಂದಳು: "ಕೈ ಮುಗೀಬ್ಯಾಡ್ರೀ ಸಾವ್ಕಾರ್ರ. ಆ ಕೈ ನಿನ್ನೆ ಬ್ರೇಕಿನ ಮ್ಯಾಲೆ ಇದ್ದಿದ್ರ, ಈ ಕೈ ಇವತ್ತು ರೊಟ್ಟಿ ಬಡೀತಿತ್ತು."

ಆತ ಮುಗಿದ ಕೈಯನ್ನು ಹಾಗೇ ಕೆಳಗಿಳಿಸಿದ.

ಮರುದಿನದಿಂದ ಆತ ಎಡಕ್ಕೇ ಹೋದ. ಮೊಣಕಾಲು ನೋಯುತ್ತಿದ್ದರೂ ಸರ್ಕಲ್ ಸುತ್ತಿದ. ಅದನ್ನು ಕಂಡು ಯಾರಾದರೂ ಹೊಗಳಿದರೇ? ಇಲ್ಲ. ನೆಟ್ಟಗೆ ಹೋಗುವವನನ್ನು ಯಾರು ನೋಡುತ್ತಾರೆ? ಆಕೆಯ ಮಣಿಕಟ್ಟು ಮೊದಲಿನಂತಾಯಿತೇ? ಅದೂ ಇಲ್ಲ. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಈಗ ಆಕೆ ಬಡಿದರೆ ರೊಟ್ಟಿ ಹರಿಯುತ್ತದೆ. ಖಾನಾವಳಿಯವನು ಬೇರೆಯವರನ್ನು ಹಿಡಿದ.

ಕಥೆ ಇಷ್ಟೇ. ನೀವೀಗ ಕಾಯುತ್ತಿದ್ದೀರಿ. ಸೈಕಲ್ ಅಂದರೆ ಸಂಸಾರ, ರಸ್ತೆ ಅಂದರೆ ಬದುಕು ಎಂದೇನೋ ಸ್ವಾಮಿಗಳು ಬಿಡಿಸಿ ಹೇಳುತ್ತಾರೆ ಎಂದು. ಇಲ್ಲಪ್ಪ, ಸೈಕಲ್ ಅಂದರೆ ಸೈಕಲ್ಲೇ. ಹೊರಗೆ ನಿಲ್ಲಿಸಿ ಬಂದಿದ್ದೀರಲ್ಲ, ಅದೇ. ಸತ್ಸಂಗಕ್ಕೆ ಹೊತ್ತಾಯಿತು ಎಂದು ನಿಮ್ಮಲ್ಲಿ ಎಷ್ಟು ಜನ ಎದುರು ದಾರಿಯಲ್ಲೇ ಬಂದಿರಿ? ಕೈ ಎತ್ತಬೇಡಿ. ಕೈ ಎತ್ತಿ ಎತ್ತಿಯೇ ಇಷ್ಟೆಲ್ಲ ಆಗಿದ್ದು.

ಎಡಕ್ಕೆ ಹೋಗಿ. ಕೆಂಪು ದೀಪ ಕಂಡರೆ ಸೈಕಲ್ಲಿನವರೂ ನಿಲ್ಲಿ, ಅದು ಎಂಜಿನ್ನಿಗೆ ಮಾತ್ರ ಹಚ್ಚಿದ ದೀಪವಲ್ಲ. ಹೊರಳುವಾಗ ಹಿಂದೆ ನೋಡಿ, ಕೈ ಚಾಚಿ ತೋರಿಸಿ, ಆಮೇಲೆ ಹೊರಳಿ. ಕತ್ತಲಾದರೆ ದೀಪವಿಲ್ಲದೆ ಹತ್ತಬೇಡಿ. ಬ್ರೇಕು ಸಡಿಲಾಗಿದ್ದರೆ ನಾಳೆ ಎನ್ನದೆ ಬಿಗಿ ಮಾಡಿಸಿ. ದಣಿವಾಗಿದೆಯೇ? ಇಳಿದು ತಳ್ಳಿಕೊಂಡು ನಡೆಯಿರಿ, ಯಾರ ಮಾನವೂ ಹೋಗುವುದಿಲ್ಲ.

ಇನ್ನು ದೇವರ ಮುಂದೆ ದಿನಾ ಗಲ್ಲ ಬಡಿದುಕೊಂಡು, "ತಪ್ಪಾಯಿತು" ಎಂದು, ಅದೇ ದಾರಿಯಲ್ಲಿ ತುಳಿಯುತ್ತಾ ಹೋಗುವವರಿಗೆ ನಾನು ಬೇರೆ ಏನು ಹೇಳಲಿ? ಕ್ಷಮೆ ಕೇಳುವುದಿದ್ದರೆ ಕೇಳಿ. ಆದರೆ ಮೊದಲು ತುಳಿಯುವುದನ್ನು ನಿಲ್ಲಿಸಿ, ಕಾಲು ಕೆಳಗಿಟ್ಟು ಕೇಳಿ.