ಬಾಗಿಲ ಪಕ್ಕದ ಖಾಲಿ ಮೊಳೆ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಗೋಡೆಯ ಚಿತ್ರಗಳನ್ನು ನೋಡಿ ಆಗಲೇ ನನ್ನ ಗುರುತು ಹಿಡಿದಿರುವ ಸಭಿಕರೇ,

ಹೌದು, ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿರುವ ಆ ಹೆಂಗಸು ನಾನೇ. ಇಂದು ಸನ್ಮಾನ ಪಡೆಯುತ್ತಿರುವ ಛಾಯಾಗ್ರಾಹಕಿ ನನ್ನ ಒಡಹುಟ್ಟಿದ ತಂಗಿ. ಒಂದು ಪುಟ್ಟ ಕ್ಯಾಮೆರಾ ಅವಳ ಕೈಗೆ ಬಂದಂದಿನಿಂದ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಆಕಳಿಸಿಲ್ಲ. ಜಗಳವಾಡಿದರೂ ಕ್ಲಿಕ್, ಅತ್ತರೂ ಕ್ಲಿಕ್. ಇದು ಕಲೆಯೋ, ಕಾಟವೋ? ನಾನಂತೂ ಇನ್ನೂ ತೀರ್ಮಾನಿಸಿಲ್ಲ.

ಆದರೆ ಅವಳದೊಂದು ಪದ್ಧತಿಯಿದೆ. ಕೇಳದೆ ತೆಗೆಯುತ್ತಾಳೆ, ಕೇಳದೆ ತೂಗುಹಾಕುವುದಿಲ್ಲ. ಒಪ್ಪಿಗೆ ಸಿಗದ ಚಿತ್ರದ ಜಾಗದಲ್ಲಿ ಬರೀ ಮೊಳೆ ಹೊಡೆದು ಬಿಡುತ್ತಾಳೆ. ಅಲ್ಲಿ ಬಾಗಿಲ ಪಕ್ಕದಲ್ಲಿ ಕಾಣುವ ಖಾಲಿ ಮೊಳೆ ನನ್ನದು.

ನಮ್ಮ ಯಜಮಾನರು ಕ್ಷೌರದಂಗಡಿ ನಡೆಸುತ್ತಿದ್ದರು. ಇಸ್ತ್ರಿ ಮಾಡದ ಅಂಗಿ ತೊಟ್ಟು ಹೊಸ್ತಿಲು ದಾಟಿದವರಲ್ಲ. ಪಾರ್ಶ್ವವಾಯು ಬಡಿದು ಅವರ ಬಲಗೈ ಸ್ವಾಧೀನ ತಪ್ಪಿದ ಮೇಲೆ, ಬಚ್ಚಲುಮನೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ಮೊದಲ ಸಲ ನಾನೇ ಅವರ ಗಡ್ಡ ಬೋಳಿಸಲು ಹೊರಟೆ. ಅವರ ಮೈಮೇಲೆ ಒಂದು ಟವೆಲ್ ಮಾತ್ರ. ಕತ್ತಿ ಜಾರಿ ಅವರ ಗಲ್ಲದ ಮೇಲೆ ಗಾಯವಾಯಿತು.

"ಕೆನ್ನೆ ಎಳೆದು ಹಿಡ್ಕೊಳ್ಳೇ! ಗಿರಾಕಿ ಆಗಿದ್ರೆ ಇಷ್ಟೊತ್ತಿಗೆ ಎದ್ದು ಓಡಿರ್ತಿದ್ದ," ಎಂದು ನೊರೆ ಮೆತ್ತಿದ ಬಾಯಲ್ಲಿ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಫ್ಲ್ಯಾಶ್!

"ಭಾವನ ಮಾನ ತೆಗೀತೀಯೇನೇ?" ಎಂದು ಕೂಗಾಡಿದೆ.

"ಅಕ್ಕಾ, ಇಬ್ರೂ ಎಷ್ಟು ಚೆನ್ನಾಗಿ ನಗ್ತಿದ್ರಿ ಗೊತ್ತಾ?" ಎಂದಳು. ಅವಳನ್ನು ಹೊರಗೆ ದಬ್ಬಿ ಚಿಲಕ ಹಾಕಿದೆ. ಬಹಳ ದಿನ ಮಾತೂ ಬಿಟ್ಟೆ.

ಅವರು ಹೋಗಿ ಎರಡು ವರ್ಷವಾಯಿತು. ಮದುವೆಯ ಫೋಟೋದಲ್ಲಿ ಕಂಬದ ಹಾಗೆ ನಿಂತಿದ್ದಾರೆ. ಅಂಗಡಿಯ ಫೋಟೋದಲ್ಲೂ ಅದೇ ಬಿಗಿದ ಮುಖ. ನಾನು ಸಂಸಾರ ಮಾಡಿದ ಮನುಷ್ಯ ಎಲ್ಲಿ? ಹುಡುಕಿ ಸೋತು ತಂಗಿಯನ್ನು ಆ ಚಿತ್ರ ಕೇಳಿದೆ. ಚೌಕಟ್ಟು ಹಾಕಿಸಿ ತಂದುಕೊಟ್ಟಳು. ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡು ದಿನಾ ನೋಡುತ್ತೇನೆ.

ನಿಮಗೆಲ್ಲ ತೋರಿಸಿದರೆ ಅವರು ಮೆಚ್ಚುತ್ತಿದ್ದರೋ, ಮುನಿಯುತ್ತಿದ್ದರೋ? ಕೇಳೋಣವೆಂದರೆ ಅವರಿಲ್ಲ. ನಿನ್ನೆಯವರೆಗೂ ಬೇಡವೆಂದೇ ಇದ್ದೆ. ಇಂದು ಬೆಳಿಗ್ಗೆ ಈ ಗೋಡೆ ನೋಡಿದೆ. ಅಮ್ಮ ಇದ್ದಾಳೆ, ಮಕ್ಕಳಿದ್ದಾರೆ, ನಮ್ಮ ಕಳ್ಳಬೆಕ್ಕಿಗೂ ಜಾಗವಿದೆ, ಅವರೊಬ್ಬರೇ ಇಲ್ಲ. ನೇರ ಮನೆಗೆ ಓಡಿ ಬೀರು ತೆರೆದೆ.

ಪುಟ್ಟೀ, ಇಲ್ಲಿ ಕೇಳು. ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಬಾಗಿಲು ತಟ್ಟಿ ಬರುವುದನ್ನು ಇನ್ನಾದರೂ ಕಲಿ. ಆದರೆ ನನ್ನ ಗಂಡನ ನಗುವನ್ನು ನನಗೆ ಉಳಿಸಿಕೊಟ್ಟವಳು ನೀನೊಬ್ಬಳೇ. ಈ ಋಣ ತೀರುವಂಥದ್ದಲ್ಲ.

ಸಭಿಕರೇ, ಚಿತ್ರ ನನ್ನ ಚೀಲದಲ್ಲಿದೆ. ಈಗ ವೇದಿಕೆ ಇಳಿದು ಆ ಮೊಳೆಯ ಹತ್ತಿರ ಹೋಗುತ್ತೇನೆ. ನೋಡಿ ನಗು ಬಂದರೆ ಸಂಕೋಚಪಡದೆ ನಕ್ಕುಬಿಡಿ. ಅವರೂ ನಗುತ್ತಲೇ ಇದ್ದಾರೆ. ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆ ಧನ್ಯವಾದ. ನಮ್ಮಿಬ್ಬರ ನಮಸ್ಕಾರ.