ಯುರಿಡಿಚೆಗೆ ಬರೆದ ಮುಖ

ದೀಪ ಸಣ್ಣದು ಮಾಡಿ, ಹೇಳ್ತೀನಿ. ನಂಬದವರು ಈಗಲೇ ಎದ್ದು ಹೋಗಿ ಮಲಗಬಹುದು.

ಇದು ನಡೆದದ್ದು ನಮ್ಮ ಲೆಚ್ಚೆ ಊರಲ್ಲೇ, ನನ್ನ ಚಿಕ್ಕಮ್ಮನ ಮಗಳು ದೋರಾಳಿಗೆ. ಅದೂ ರಾತ್ರಿಯಲ್ಲ... ಮಟಮಟ ಮಧ್ಯಾಹ್ನ. ಊರೆಲ್ಲ ಉಂಡು, ಕದ ಹಾಕಿಕೊಂಡು ಮಲಗುವ ಹೊತ್ತು. ಆ ಹೊತ್ತಲ್ಲಿ ಹಿಂದಿನಿಂದ ಯಾರು ಕೂಗಿದರೂ ತಿರುಗಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು.

ದೋರಾ ಹಳೇ ಚಿತ್ರಗಳನ್ನು ರಿಪೇರಿ ಮಾಡುವವಳು. ಆಗ ಅವಳ ಕೈಯಲ್ಲಿದ್ದದ್ದು ಮುನ್ನೂರೈವತ್ತು ವರ್ಷದ ಎಣ್ಣೆಬಣ್ಣದ ಚಿತ್ರ. ಸತ್ತ ಹೆಂಡತಿ ಯುರಿಡಿಚೆಯನ್ನು ಪಾತಾಳದಿಂದ ಕರೆತರುತ್ತಿರುವ ಹಾಡುಗಾರ ಓರ್ಫೆಯೊ. ಭೂಮಿ ಮೇಲೆ ಬಂದು ಮುಟ್ಟುವ ತನಕ ಅವನು ಹಿಂದೆ ನೋಡಬಾರದು; ನೋಡಿದನೋ, ಅವಳು ಹೋದಳು. ಆ ಹೆಂಡತಿಯ ಮುಖದ ಜಾಗ ಮಾತ್ರ ತೇವಕ್ಕೆ ಬಣ್ಣ ಉದುರಿ ಅಡಿಯ ಬರಿ ಬಟ್ಟೆ ಕಾಣುತ್ತಿತ್ತು. ಬಣ್ಣ ಹೋದ ಕಡೆ ಸಣ್ಣ ಸಣ್ಣ ಗೆರೆ ಎಳೆದು ಬಿಡಬೇಕು, ನಾವಾಗಿ ಏನೂ ಬರೆಯಬಾರದು... ಈ ಕೆಲಸದವರ ಕಟ್ಟುನಿಟ್ಟು ಅದು. ದೋರಾ ಬರೆದಳು. ಮಗಳು ಮಿರೆಲ್ಲಾಳ ಮುಖ.

ಮಿರೆಲ್ಲಾ ಹಿಂದಿನ ವರ್ಷ ಸ್ಕೂಟರಿನಿಂದ ಬಿದ್ದು ಸತ್ತಿದ್ದಳು. ಅವತ್ತು ಬೆಳಿಗ್ಗೆ ಆ ಸ್ಕೂಟರಿನ ವಿಷಯಕ್ಕೇ ತಾಯಿ ಮಗಳಿಗೆ ಜಗಳ. ಹುಡುಗಿ ಬಾಗಿಲಲ್ಲಿ ನಿಂತು, "ಹೋಗ್ ಬರ್ತೀನಮ್ಮಾ," ಅಂದರೆ ಈ ಪುಣ್ಯಾತ್ಗಿತ್ತಿ ತಿರುಗಿ ಕೂಡ ನೋಡಲಿಲ್ಲ. ಹುಡುಗಿ ಮರದ ಅಟ್ಟೆಯ ಕೆಂಪು ಚಪ್ಪಲಿ ಹಾಕಿಕೊಂಡು ಹೋಗಿದ್ದಳು. ಮನೆಗೆ ಬಂದದ್ದು ಒಂದೇ, ಬಲಗಾಲಿನದು.

ಮುಖ ಬರೆದು ಮುಗಿಸಿದ ದಿನ ದೋರಾ ಆ ಸುಡು ಹೊತ್ತಿನಲ್ಲೇ ಮನೆಗೆ ಹೊರಟಳು. ಕನ್ಯಾಮಠದ ಬಾವಿ ದಾಟಿದಳು. ಹಿಂದೆ... ಟಕ್. ಆಮೇಲೆ ಬರಿಗಾಲಿನ ಸಪ್ಪಳ, ಪದ್.

ಟಕ್... ಪದ್. ಟಕ್... ಪದ್.

"ಅಮ್ಮಾ..."

ದೋರಾ ನಿಲ್ಲಲಿಲ್ಲ. ಮನೆ ಬಾಗಿಲು ಕಾಣುತ್ತಿತ್ತು. ಇನ್ನು ಹತ್ತು ಹೆಜ್ಜೆ.

"ಇನ್ನೂ ಕೋಪಾನಾ ಅಮ್ಮಾ?"

ಏನು ಮಾಡ್ತಿದ್ರಿ ಹೇಳಿ, ನಿಮ್ಮ ಹೊಟ್ಟೇಲಿ ಹುಟ್ಟಿದ್ದಾಗಿದ್ರೆ?

"ಇಲ್ಲ ಕಂದಾ," ಅಂತ ತಿರುಗಿಯೇಬಿಟ್ಟಳು.

ಬೀದಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. ಅವತ್ತು ಅಮ್ಮ ತಿರುಗಲಿಲ್ಲ, ಮಗಳು ಹೋದಳು. ಇವತ್ತು ತಿರುಗಿದಳು, ಹೋದಳು. ಯಾವ ಸೀಮೆ ನ್ಯಾಯ ಇದು, ಥೂ.

ದೋರಾ ವಾಪಸ್ ಓಡಿಹೋಗಿ ಕೆಲಸದ ಕೋಣೆಯ ಬೀಗ ತೆಗೆದಳು. ಮುಖದ ಜಾಗದಲ್ಲಿ ಮತ್ತೆ ಬರಿ ಬಟ್ಟೆ. ಬಣ್ಣದ ಕಲೆಯೂ ಇಲ್ಲ.

ನಾನೇ ಕಣ್ಣಾರೆ ನೋಡಿದೀನಿ, ಕಟ್ಟುಕತೆ ಅನ್ನಬೇಡಿ. ಆ ಚಿತ್ರದಲ್ಲಿ ಯುರಿಡಿಚೆ ಅಷ್ಟು ವರ್ಷವೂ ಬರಿಗಾಲಲ್ಲಿದ್ದವಳು. ರಿಪೇರಿಗೆ ಮೊದಲು ತೆಗೆದ ಫೋಟೋ ಇದೆ. ಈಗ ಅವಳ ಎಡಗಾಲಲ್ಲಿ ಮರದ ಅಟ್ಟೆಯ ಕೆಂಪು ಚಪ್ಪಲಿ ಇದೆ. ಬಲಗಾಲಿನದು ದೋರಾಳ ಬೀರುವಿನಲ್ಲೇ ಇದೆ.