ಡ್ರೈವರ್ ತಾನೇ ಕೇಳಬೇಕು

ನಮ್ಮ ಮನೆಯಲ್ಲಿ ದೆವ್ವದ ಮಾತೆತ್ತಿದರೆ ಹಿರಿಯರು ಬೈಯುತ್ತಾರೆ. ಬುದ್ಧನ ಫೋಟೋ ಇಟ್ಟ ಮನೆ, ಇಲ್ಲಿ ಭೂತ-ಪ್ರೇತಕ್ಕೆ ಜಾಗವಿಲ್ಲ ಅಂತ. ನಾನೂ ಹಾಗೇ ಅನ್ನುತ್ತಿದ್ದೆ, ಆಮ್ರಪಾಲಿಗೆ ಇದು ಆಗುವ ತನಕ... ಆಕೆ ನನ್ನ ಚಿಕ್ಕವ್ವನ ಮಗಳು. ಸುಳ್ಳು ಹೇಳುವ ಹೆಂಗಸಲ್ಲ.

ಆಕೆಯ ಗಂಡ ನಾಗಸೇನ ಆ್ಯಪಿನ ಟ್ಯಾಕ್ಸಿ ಕಂಪನಿಗೆ ಕಾರು ಓಡಿಸುತ್ತಿದ್ದ; ಮನೆ ಬೀದರಿನ ನೌಬಾದದಲ್ಲಿ. ಒಂದು ಮುಂಜಾನೆ ಇಬ್ಬರಿಗೂ ಜಗಳ. ಯಾವ ಮನೆಯಲ್ಲಿ ಇಲ್ಲ ಹೇಳಿ? ಆಕೆ ಸಿಟ್ಟಿನಲ್ಲಿ ಅಂದಳು, "ಮನಿಗಿ ಬರಬ್ಯಾಡ್ರಿ, ಹೋಗ್ರಿ." ಅವನೂ ಅಂದ, "ಭಾಲ್ಕಿಗಿ ಅಕ್ಕನ ಮನಿಗಿ ಹೋಗ್ತೇನಿ, ತಿರುಗಿ ಬರಂಗಿಲ್ಲ." ಆ ರಾತ್ರಿ ಔರಾದದಲ್ಲಿ ಗಿರಾಕಿಯನ್ನು ಇಳಿಸಿ ಬರುವಾಗ ಲಾರಿ ಬಡಿಯಿತು. ಅದೂ ಎಲ್ಲಿ? ಭಾಲ್ಕಿಗೂ ಬೀದರಿಗೂ ರಸ್ತೆ ಕವಲೊಡೆಯುವ ಜಾಗದಲ್ಲಿ. ಕಾರು ನುಜ್ಜುಗುಜ್ಜು, ಫೋನು ಪುಡಿಪುಡಿ, ನಾಗಸೇನ ಜಾಗದಲ್ಲೇ ಹೋದ. ಯಾವ ಕಡೆ ಹೊರಟಿದ್ದ, ಹೇಳುವವರಿಲ್ಲ.

ಅತ್ತೆ ಕೌಸಲ್ಯಾಬಾಯಿ ಮಾತ್ರ ಹೇಳಿದಳು, "ನಿನ್ನ ಬಾಯಿಗಿ ಅಂಜಿ ಭಾಲ್ಕಿಗಿ ಹೊಂಟಿದ್ದ ನನ್ನ ಮಗ." ಆ ಮಾತು ಆಮ್ರಪಾಲಿಯನ್ನು ಬಿಡಲಿಲ್ಲ. ಗಂಡ ಯಾವ ಕಡೆ ಹೊರಟಿದ್ದ ಅಂತ ಕಂಡವರನ್ನೆಲ್ಲ ಕೇಳತೊಡಗಿದಳು.

ಮೈದುನ ಸುಶೀಲಕುಮಾರನೂ ಅದೇ ಕಂಪನಿಯ ಡ್ರೈವರ್. ಅವನೇ ದಾರಿ ಹೇಳಿದ.

"ವೈನಿ, ನಮ್ಮದೆಲ್ಲಾ ಕಂಪನಿ ಕಡಿ ಇರ್ತದರಿ. ಎಲ್ಲಿ ನಿಂತೇವಿ, ಯಾವ ರಸ್ತಿ ಹಿಡದೇವಿ, ಯಾವ ಗುಂಡಿ ಒತ್ತೇವಿ... ಆ್ಯಪಿನಾಗ ಕೇಳಿದ್ರ ಅದೆಲ್ಲಾದ್ರ ಪ್ರತಿ ಇಮೇಲಿಗಿ ಕಳಿಸ್ತಾರ."

"ಮತ್ತ ಕೇಳಪ್ಪಾ."

"ನಾ ಕೇಳಿದ್ರ ನಂದು ಬರ್ತದರಿ. ಅಣ್ಣಂದು ಅಣ್ಣನೇ ಕೇಳಬೇಕು. ಕ್ಯಾಮೆರಾಕ್ಕ ಮುಖ ಸೈತ ತೋರಿಸಬೇಕು."

ಆದರೂ ಕಂಪನಿಗೆ ಬರೆದರು. ಉತ್ತರವೂ ಅದೇ. ಡ್ರೈವರ್ ತಾನೇ ಕೇಳಬೇಕು.

ಆಮ್ರಪಾಲಿಗೆ ಪಕ್ಕದ ಕೊಳಾರದ ಗೋದಾಮಿನಲ್ಲಿ ಎರಡನೇ ಪಾಳಿ, ಬಿಡುವಾಗ ರಾತ್ರಿ. ನೌಬಾದಕ್ಕೆ ಬರುವ ದಾರಿಯಲ್ಲಿ ಒಂದು ಆಲದ ಮರ, ಅದರ ಬುಡಕ್ಕೊಂದು ಹಾಳು ಬಾವಿ. ಆ ಉತ್ತರ ಬಂದ ರಾತ್ರಿ ಆಕೆಗೆ ಕಾಲು ಮುಂದೆ ಹೋಗಲಿಲ್ಲ. ಡಬ್ಬಿಯ ಹಳದಿ ಚೀಲವನ್ನು ಬಾವಿಕಟ್ಟೆಯ ಮೇಲಿಟ್ಟು ಕೂತಳು. ಗಾಳಿಯಿಲ್ಲ. ಒಂದು ಎಲೆಯೂ ಅಲ್ಲಾಡುತ್ತಿಲ್ಲ.

ಟಿಕ್... ಟಿಕ್... ಟಿಕ್...

ಕಾರು ತಿರುಗುವ ಮುಂಚೆ ಒಳಗೆ ಕೂತವರಿಗೆ ಕೇಳುತ್ತದಲ್ಲ, ಆ ಇಂಡಿಕೇಟರಿನ ಸಪ್ಪಳ. ರಸ್ತೆಯಲ್ಲಿ ಕಾರಿಲ್ಲ. ಬೆಳಕಿಲ್ಲ. ಸಪ್ಪಳ ಮಾತ್ರ ಆಕೆಯ ಮಗ್ಗುಲಲ್ಲೇ. ಅಂಜಿಕೆ ಆಗಲಿಲ್ಲವಂತೆ. ಅಳು ಬಂತಂತೆ.

"ರೀ..." ಅಂದಳು, ಪಿಸುದನಿಯಲ್ಲಿ. "ಯಾವ ಕಡಿ ಹೊಂಟಿದ್ರಿ?"

ಟಿಕ್... ಟಿಕ್...

"ನಾ ಕೇಳಿದ್ರ ಕೊಡಂಗಿಲ್ಲಂತರಿ. ನೀವೇ ಕೇಳಬೇಕಂತ... ಒಂದ್ಸಲ ಕೇಳ್ರಿ. ನನ್ನ ಸಲುವಾಗಿ."

ಟಕ್. ಸಪ್ಪಳ ನಿಂತಿತು.

ಕೆಲವು ವಾರ ಕಳೆದವು. ನಾಗಸೇನನ ಇಮೇಲು ತಮ್ಮನ ಫೋನಿನಲ್ಲೂ ತೆರೆಯುತ್ತಿತ್ತು. ಒಂದು ಸಂಜೆ ಸುಶೀಲಕುಮಾರ ಮುಖ ಬಿಳಿಚಿಕೊಂಡು ಬಂದ.

"ವೈನಿ... 'ನೀವು ಕೇಳಿದ ಪ್ರತಿ ಕಳಿಸೇವಿ' ಅಂತ ಕಂಪನಿ ಮೇಲ್ ಬಂದದ. ಅಣ್ಣನ ಹೆಸರಿಗಿ. ಯಾರು ಕೇಳಿದ್ರರಿ?"

"ಓದಪ್ಪಾ," ಅಂದಳು ಆಮ್ರಪಾಲಿ. ಅಷ್ಟೇ.

ಔರಾದದಲ್ಲಿ ಗಿರಾಕಿ ಇಳಿದ ಮೇಲೆ ನಾಗಸೇನ ಒಂದೇ ಒಂದು ಗುಂಡಿ ಒತ್ತಿದ್ದ. ಇವತ್ತಿಗೆ ಸಾಕು, ಇನ್ನು ನಾನು ಹೋಗುವ ಊರಿನ ದಾರಿಯಲ್ಲಿ ಸಿಗುವ ಬಾಡಿಗೆ ಮಾತ್ರ ಕೊಡಿ ಅಂತ ಡ್ರೈವರುಗಳು ಒತ್ತುವ ಗುಂಡಿ ಅದು. ಹೋಗುವ ಊರಿನ ಜಾಗದಲ್ಲಿ ಭಾಲ್ಕಿ ಇರಲಿಲ್ಲ. 'ಮನೆ, ನೌಬಾದ' ಅಂತಿತ್ತು.

ಕೌಸಲ್ಯಾಬಾಯಿ ಸೊಸೆಯ ಕೈ ಹಿಡಿದಳು. "ನಿನ್ನ ಕಡೀನೇ ಬರ್ಲಿಕತ್ತಿದ್ದನವ್ವಾ..." ಇಬ್ಬರೂ ತಬ್ಬಿಕೊಂಡು ಅತ್ತರು. ಅಂಥ ಅಳು ಅವನನ್ನು ಮಣ್ಣು ಮಾಡಿದ ದಿನವೂ ಆ ಮನೆಯಲ್ಲಿ ಕೇಳಿರಲಿಲ್ಲ.

ಪ್ರತಿ ಕೇಳುವಾಗ ತೋರಿಸಿದ ಮುಖದ ಫೋಟೋನೂ ಕೊನೆಗೆ ಇತ್ತು. ನಾಗಸೇನನದೇ. ಸುತ್ತ ಕತ್ತಲು, ಹಿಂದೆ ಆಲದ ಬಿಳಲು. ಯಾವಾಗಲೋ ತೆಗೆದ ಹಳೆಯ ಫೋಟೋ ಇರಬೇಕು ಅಂದ ಸುಶೀಲಕುಮಾರ. ನಾನೂ ಹಾಗೇ ಅನ್ನುತ್ತಿದ್ದೆನೇನೋ... ಆದರೆ ಅವನ ಬೆನ್ನ ಹಿಂದೆ ಬಾವಿಕಟ್ಟೆಯ ಮೇಲೆ ಆ ಹಳದಿ ಚೀಲ ಇದೆ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಚೀಲವನ್ನು ಗಾಂಧಿ ಗಂಜ ಪೇಟೆಯ ಹತ್ತಿರ ಆಕೆಗೆ ಕೊಡಿಸಿದವಳು ನಾನೇ. ಅವನ ಮಣ್ಣಾದ ಮೇಲೆ, ಆಕೆ ಗೋದಾಮಿನ ಕೆಲಸಕ್ಕೆ ಸೇರಿದ ದಿನ.